ಹೂದಾನಿಯ ಪಾದಕ್ಕೆ ಅರಿಶಿನ

ಒಡೆದ ಪಿಂಗಾಣಿ ಜೋಡಿಸುವ ಕೆಲಸಕ್ಕೆ ಬರಬೇಕೆಂದಿರುವವರಿಗೆ ನನ್ನ ಮೊದಲ ಮಾತು ಇದು: ನಿಮ್ಮ ಕೈಯನ್ನು ನಂಬಬೇಡಿ. ಕಣ್ಣು ಮಂಜಾದರೆ ಕನ್ನಡಕವಿದೆ. ಕೈಗೆ ಮಾತ್ರ ತನ್ನದೇ ನೆನಪು ಇರುತ್ತದೆ, ನಾವು ಬೇಡ ಅನ್ನುವಷ್ಟರಲ್ಲಿ ಅದು ಮಾಡಿ ಮುಗಿಸಿರುತ್ತದೆ. ನನ್ನ ಕೈ ಒಂದು ದಿನ ಹಾಗೆ ಮಾಡಿ, ಡಾಕ್ಟರಮ್ಮನೊಬ್ಬರು ತೀರಿಹೋದ ಗೆಳತಿಗೆ ಕೊಟ್ಟಿದ್ದ ಮಾತನ್ನು ಮುಳುಗಿಸುವುದರಲ್ಲಿತ್ತು. ಅದನ್ನೇ ಇಲ್ಲಿ ಬರೆಯುತ್ತೇನೆ. ಬಡ್ತಿ ಸಿಕ್ಕಿದ್ದು, ಸನ್ಮಾನ ಆದದ್ದು ಕೇಳಬೇಡಿ. ಆದದ್ದೂ ಕಡಿಮೆ, ಹೇಳಿಕೊಳ್ಳುವಂಥದ್ದು ಇನ್ನೂ ಕಡಿಮೆ.

ಕಳೆದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಕೇಳಿದಳು. ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಮಾತು ಮಾತ್ರ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳಿದರೆ ಹೀಗೆ: "ಆಂಟಿ, ಒಡೆದಿದ್ದನ್ನ ಅಂಟಿಸೋದು ನಿಜವಾಗ್ಲೂ ಒಂದು ಕೆಲಸನಾ?" ಹೌದು ಕಣಮ್ಮಾ ಅಂದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಅದೇ ಮಾಡಿದ್ದೇನೆ. ಅವಳ ಮುಖದಲ್ಲಿ ಆಸೆ ಕಂಡಿತು. ಆ ಆಸೆಗೆ ಈ ಬರಹ.

ನಾನು ಮೈಸೂರಿನವಳು, ಹೆಸರು ವಿಮಲಾ. ಓದಿದ್ದು ಕೆಮಿಸ್ಟ್ರಿ. ನಮ್ಮ ಮನೆಯವರಿಗೆ ಟೆಕ್ಸಸ್‌ನ ಪ್ಲೇನೋದಲ್ಲಿ ಕೆಲಸವಿದ್ದಾಗ ನಾವು ಹತ್ತಿರದ ಮೆಕಿನ್ನಿಯಲ್ಲಿ ಮನೆ ಮಾಡಿದೆವು. ಎದುರುಮನೆಯಾಕೆ ಹಬ್ಬದ ದಿನ ತಟ್ಟೆಯ ತುಂಬ ಕುಕ್ಕೀಸ್ ಕೊಟ್ಟರು, ನಾನು ತೊಳೆಯುವಾಗ ಅವರ ತಟ್ಟೆ ಒಡೆದೆ. ನಾಚಿಕೆಯಿಂದ ಅದನ್ನು ಜೋಡಿಸಿ, ಬಣ್ಣ ಹಚ್ಚಿ, ಮೇಲೆ ಚಕ್ಕುಲಿ ಇಟ್ಟು ವಾಪಸ್ ಕೊಟ್ಟೆ. ಆಕೆಗೆ ಗೊತ್ತಾಗಲೇ ಇಲ್ಲ. ನಾನೇ ತಡೆಯಲಾರದೆ ಹೇಳಿದೆ. ಆಕೆ ತನ್ನ ಗೆಳತಿ ರೂತ್‌ಗೆ ಹೇಳಿದರು. ಫಾರ್ಮರ್ಸ್ ಬ್ರಾಂಚ್ ಅನ್ನುವ ಊರಿನಲ್ಲಿ, ಎಲ್‌ಬಿಜೆ ಫ್ರೀವೇ ಪಕ್ಕದ ಒಂದು ಆಫೀಸ್ ಪಾರ್ಕಿನಲ್ಲಿ, ದಂತವೈದ್ಯರೊಬ್ಬರ ಕ್ಲಿನಿಕ್ಕಿಗೂ ವಿಮೆ ಆಫೀಸಿಗೂ ನಡುವೆ ರೂತ್‌ಳ ಪಿಂಗಾಣಿ ರಿಪೇರಿಯ ವರ್ಕ್‌ಶಾಪ್ ಇತ್ತು, ಅವಳು ನನ್ನನ್ನು ಕರೆದು ಕೆಲಸ ಕೊಟ್ಟಳು. ನನ್ನ ಜೀವನದಲ್ಲಿ ಇದ್ದದ್ದು ಆ ಒಬ್ಬಳೇ ಮೇಲಧಿಕಾರಿ.

ರೂತ್ ಉದ್ದಕ್ಕೆ, ತೆಳ್ಳಗೆ, ಬಾಯಿ ಬಿಟ್ಟರೆ ಒಂದೇ ವಾಕ್ಯ. ಅವಳು ಮಾತಾಡಿದ್ದು ಇಂಗ್ಲಿಷಿನಲ್ಲೇ. ನನಗೆ ನೆನಪಿರುವುದು ಮಾತ್ರ ಕನ್ನಡದಲ್ಲಿ, ಯಾಕೆಂದರೆ ಬೈಸಿಕೊಂಡದ್ದನ್ನು ನಾನು ಮನೆಗೆ ಬಂದು ಮನೆಯವರ ಮುಂದೆ ಕನ್ನಡದಲ್ಲಿ ಒಪ್ಪಿಸುತ್ತಿದ್ದೆ.

ಮೊದಲ ತಿಂಗಳಲ್ಲೇ ಒಂದು ಬಟ್ಟಲಿನ ಬಿರುಕನ್ನು ಎಷ್ಟು ಚೆನ್ನಾಗಿ ಮುಚ್ಚಿದ್ದೆನೆಂದರೆ ನನಗೇ ಅದು ಎಲ್ಲಿತ್ತು ಅಂತ ಹುಡುಕಬೇಕಾಯಿತು. ಹೊಗಳಿಕೆಗೆ ಕಾದು ನಿಂತೆ. ರೂತ್ ಭೂತಗನ್ನಡಿಯಲ್ಲಿ ನೋಡಿ, "ಬಿಚ್ಚು" ಅಂದಳು.

"ಯಾಕೆ? ಕಾಣಿಸ್ತಾನೇ ಇಲ್ವಲ್ಲ."

"ಅದಕ್ಕೇ. ಆರು ಅಡಿ ದೂರದಿಂದ ಕಾಣಬಾರದು, ಆರು ಇಂಚು ಹತ್ತಿರದಿಂದ ಕಾಣಬೇಕು. ಇಲ್ಲದಿದ್ದರೆ ನೀನು ಮಾಡಿರೋದು ರಿಪೇರಿ ಅಲ್ಲ, ಸುಳ್ಳು."

ಅಂದು ಮನೆಗೆ ಹೋಗಿ ಅತ್ತುಬಿಟ್ಟೆ. ಮನೆಯವರು "ನೀನು ಚೆನ್ನಾಗಿ ಮಾಡಿದ್ದಕ್ಕೂ ಬೈಸಿಕೊಳ್ಳೋ ಕೆಲಸ ಹುಡುಕಿದ್ದೀಯಲ್ಲ" ಅಂತ ನಕ್ಕರು. ಆದರೆ ಆ ಆರು ಅಡಿ ಆರು ಇಂಚಿನ ಮಾತನ್ನು ನಾನು ಕೊನೆಯವರೆಗೂ ಬಿಡಲಿಲ್ಲ. ಮೆಕಿನ್ನಿಯ ಆಂಟಿಯೊಬ್ಬರು ಚೌತಿಗೆ ಎರಡು ದಿನ ಮುಂಚೆ ಸೊಂಡಿಲು ಮುರಿದ ಗಣಪತಿ ತಂದು, "ಯಾರಿಗೂ ಗೊತ್ತಾಗದ ಹಾಗೆ ಮಾಡ್ಕೊಡಿ, ಭಿನ್ನವಾದದ್ದಕ್ಕೆ ಪೂಜೆ ಮಾಡಬಾರದು" ಅಂದರು. ಗೊತ್ತಾಗದ ಹಾಗೆ ಮಾಡಿದರೆ ಗಣಪತಿಗೂ ಗೊತ್ತಾಗುವುದಿಲ್ಲವೇ ಅಂತ ಕೇಳಿದೆ. ಅವರಿಗೆ ಸಿಟ್ಟು ಬಂತು. ಪೂಜೆಗೆ ಬೇರೆ ತಂದರು, ಮುರಿದದ್ದನ್ನು ನಾನು ಜೋಡಿಸಿಕೊಟ್ಟದ್ದು ಈಗ ಅವರ ಷೋಕೇಸಿನಲ್ಲಿದೆ.

ಅಂಟಿನ ವಿಷಯವನ್ನೂ ಹೇಳಿಬಿಡುತ್ತೇನೆ, ಮುಂದಿನ ಕಥೆಗೆ ಬೇಕು. ನಾನು ಸೇರಿದಾಗ ಎಲ್ಲರೂ ಗಟ್ಟಿ ಅಂಟು ಹುಡುಕುತ್ತಿದ್ದರು. ಒಮ್ಮೆ ಹಿಡಿದರೆ ಬಿಡಬಾರದು, ಅದೇ ಹೆಮ್ಮೆ. ಹತ್ತು ವರ್ಷದಲ್ಲಿ ಆ ಅಂಟು ಹಳದಿಯಾಗಿ, ಬಿಚ್ಚಲು ಹೋದರೆ ಪಾತ್ರೆಯನ್ನೇ ಕಿತ್ತುಕೊಂಡು ಬರುತ್ತಿತ್ತು. ಆಮೇಲೆ ನಾವೆಲ್ಲ ಬಿಚ್ಚಲು ಬರುವ ಅಂಟಿಗೆ ಬದಲಾದೆವು. ನಮ್ಮ ನಂತರ ಬರುವವಳು ನಮಗಿಂತ ಜಾಣೆಯಾಗಿದ್ದರೆ, ಅವಳಿಗೆ ದಾರಿ ಇರಬೇಕು. ಸ್ವಲ್ಪ ಬಿಸಿ ತಗುಲಿದರೂ ಆ ಅಂಟು ಮೆತ್ತಗಾಗುತ್ತದೆ.

ಇನ್ನು ಹೂದಾನಿ. ಎರಡು ಸಾವಿರದ ಹತ್ತರ ದಶಕದ ನಡುವೆ, ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಹ್ಯೂಸ್ಟನ್ನಿಂದ ಒಬ್ಬರು ಹಿರಿಯ ಹೆಂಗಸು ತಾವೇ ಡ್ರೈವ್ ಮಾಡಿಕೊಂಡು ಬಂದರು. ಹಿಂದಿನ ಸೀಟಿನಲ್ಲಿ ಕೌದಿ ಹೊದ್ದು, ಸೀಟ್ ಬೆಲ್ಟ್ ಹಾಕಿಕೊಂಡು ಯಾರೋ ಕೂತಿದ್ದಾರೆ ಅಂದುಕೊಂಡೆ. ಕೌದಿ ಬಿಚ್ಚಿದರೆ ಮೊಣಕಾಲೆತ್ತರದ ಹೂದಾನಿ. ಮಣ್ಣಿನದು, ಮೇಲೆ ಗಾಜಿನಂಥ ಗ್ಲೇಜ್, ನೀಲಿ ಮತ್ತು ಹೊನ್ನಿನ ಬಣ್ಣ. ಎದುರುಬದುರು ನಿಂತ ಎರಡು ಜಿಂಕೆ, ಸುತ್ತ ಬಳ್ಳಿ, ಕುತ್ತಿಗೆಯ ಸುತ್ತ ಅರಬ್ಬಿ ಲಿಪಿಯ ಪಟ್ಟಿ. ಹಿಡಿಗಳು ಹಕ್ಕಿಯ ರೆಕ್ಕೆಯಂತೆ ಅಗಲ. ಒಂದು ರೆಕ್ಕೆ ಮುರಿದು, ಟವೆಲಿನಲ್ಲಿ ಬೇರೆಯಾಗಿ ಸುತ್ತಿತ್ತು.

ಅವರು ಡಾಕ್ಟರ್ ನೀಲಾ. ಧಾರವಾಡದವರು, ಆಪರೇಶನ್‌ಗೆ ಅರಿವಳಿಕೆ ಕೊಡುವ ವೈದ್ಯೆಯಾಗಿ ಹ್ಯೂಸ್ಟನ್ನಿನಲ್ಲಿ ಬದುಕು ಕಳೆದು ನಿವೃತ್ತರಾದವರು. ನನಗಿಂತ ಹದಿನೈದು ವರ್ಷ ದೊಡ್ಡವರು. ಕನ್ನಡ ಕೇಳಿದ್ದೇ ಅವರ ಮುಖ ಅರಳಿತು.

"ಕನ್ನಡದವರೇನ್ರಿ ನೀವು? ಛಲೋ ಆತು. ಇದರ ಕಥೀ ಇಂಗ್ಲಿಷಿನ್ಯಾಗ ಹೇಳಾಕ ನನಗ ಬ್ಯಾಸರ ಬಂದದ."

ಕಥೆ ಇಷ್ಟು. ನೀಲಾ ಡಾಕ್ಟರು ಮದುವೆಯಾಗಿ ಹೊಸದಾಗಿ ಬಂದಾಗ ಪಕ್ಕದ ಮನೆಯಲ್ಲಿ ಡೊರತಿ ಎಂಬ ಟೆಕ್ಸಸ್ ಹೆಂಗಸು ಇದ್ದಳು. ಕಾರು ಓಡಿಸುವುದು ಕಲಿಸಿದವಳು ಅವಳು. ಮಗು ಹುಟ್ಟಿದಾಗ ಬಾಣಂತಿಗೆ ಸೂಪು ಮಾಡಿ ತಂದವಳೂ ಅವಳೇ. ನಲವತ್ತು ವರ್ಷದ ಬೇಲಿ ಪಕ್ಕದ ಸ್ನೇಹ. ಡೊರತಿಗೆ ಮಕ್ಕಳಿರಲಿಲ್ಲ. ಹೂದಾನಿ ಅವಳ ಅಜ್ಜಿಯದು. ಸ್ಪೇನಿನ ಅಲ್‌ಹಂಬ್ರಾ ಅರಮನೆಯ ಸುಲ್ತಾನರ ಕಾಲದ್ದು, ಆರುನೂರು ವರ್ಷ ಹಳೆಯದು ಅಂತ ಮನೆತನದ ಮಾತು. ಸಾಯುವ ಮುಂಚೆ ಅದನ್ನು ನೀಲಾ ಡಾಕ್ಟರ ಕೈಗೆ ಕೊಟ್ಟು, "ಮಾರಬೇಡ. ನಾಲ್ಕು ಜನ ನೋಡುವ ಕಡೆ ಇಡಿಸು, ಕೆಳಗೆ ನಮ್ಮಜ್ಜಿಯ ಹೆಸರು ಬರೆಸು" ಅಂದಿದ್ದಳು.

"ನಾ ಮಾತು ಕೊಟ್ಟೀನ್ರಿ. ಆಕೀ ಕೈ ಹಿಡಕೊಂಡು ಕೊಟ್ಟೀನಿ" ಅಂದರು ಡಾಕ್ಟರು. "ಅಲ್ಲಿ ಹ್ಯೂಸ್ಟನ್ನಿನ್ಯಾಗ ಒಂದು ಮ್ಯೂಸಿಯಮ್ಮಿನವರು ನೋಡ್ತೀವಿ ಅಂದಾರ. ಹಿಡಿಕಿ ಕೂಡಿಸಿ, ಹೆಂಗದ ಅಂತ ರಿಪೋರ್ಟ್ ಬರಸ್ಕೊಂಡು ಬರ್ರಿ ಅಂದಾರ. ನೀವು ಕೂಡಿಸಿಕೊಟ್ರ ನನ್ನ ಕೆಲಸ ಮುಗೀತದ."

ಈಗ ನನ್ನ ಎರಡು ತಪ್ಪುಗಳಲ್ಲಿ ಮೊದಲನೆಯದು. ಹೂದಾನಿ ನೋಡಿದ ಕೂಡಲೇ ನನಗೆ ಅನುಮಾನ ಬಂದಿತ್ತು. ಕುತ್ತಿಗೆಯ ಅಕ್ಷರಗಳು ಅಂದವಾಗಿದ್ದವು, ಆದರೆ ಒಂದೇ ತುಂಡು ಸುತ್ತಲೂ ಮತ್ತೆ ಮತ್ತೆ ಬರುತ್ತಿತ್ತು, ಜಾಗ ಮುಗಿದ ಕಡೆ ಅರ್ಧಕ್ಕೇ ನಿಂತಿತ್ತು. ಕನ್ನಡ ಬಾರದ ಪ್ರೆಸ್ಸಿನವನು ಜೋಡಿಸಿದ ಲಗ್ನಪತ್ರಿಕೆ ನೋಡಿದ್ದರೆ ನಿಮಗೆ ಗೊತ್ತಾಗುತ್ತದೆ. ರೂತ್ ಕೂಡ ಹುಬ್ಬೇರಿಸಿದಳು. ಆದರೆ ನೀಲಾ ಡಾಕ್ಟರ ಮುಖ ನೋಡಿ ನಾನು ಆ ಅನುಮಾನವನ್ನು ಬದಿಗಿಟ್ಟೆ. ನನ್ನ ಕೆಲಸ ಹಿಡಿ ಕೂಡಿಸುವುದು ತಾನೇ ಅಂತ ಸಮಾಧಾನ ಹೇಳಿಕೊಂಡೆ. ಕಂಡದ್ದನ್ನು ಕಂಡ ದಿನವೇ ಬರೆಯಬೇಕು. ಪಾಪ ಅನ್ನಿಸಿತು ಅಂತ ಬಿಡಬಾರದು.

ಹಿಡಿ ಕೂಡಿಸುವುದಕ್ಕೆ ಮೂರು ವಾರ ಹಿಡಿಯಿತು. ಸೋಪಿನ ನೀರಿನಲ್ಲಿ ಹಳೇ ಜಿಡ್ಡು ತೆಗೆದು, ಅಂಟು ಹಚ್ಚಿ, ಮರಳು ತುಂಬಿದ ಮರದ ಪೆಟ್ಟಿಗೆಯಲ್ಲಿ ಹೂದಾನಿಯನ್ನು ಓರೆಯಾಗಿ ಮಲಗಿಸಿದೆ. ಭಾರ ಸರಿಯಾಗಿ ಬೀಳಲಿ ಎಂದು ಹಾಗೆ ಮಲಗಿಸುತ್ತೇವೆ. ಅಂಟು ಒಣಗುವವರೆಗೆ ಅಲ್ಲಾಡಿಸುವಂತಿಲ್ಲ. ಅಷ್ಟರಲ್ಲಿ ನವರಾತ್ರಿ ಬಂತು.

ನಾನು ಪ್ರತಿ ವರ್ಷ ಆಯುಧಪೂಜೆಯ ದಿನ ನನ್ನ ಮೇಜಿನ ಮೇಲೆ ಪೂಜೆ ಮಾಡುತ್ತಿದ್ದೆ. ಬ್ರಶ್ಶುಗಳು, ಸ್ಕಾಲ್ಪೆಲ್ಲು, ಇಕ್ಕಳ, ನೇರಳೆ ಬೆಳಕಿನ ಟಾರ್ಚು, ಎಲ್ಲವನ್ನೂ ಒರೆಸಿ ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಎರಡು ಹೂವು. ಬೆಂಕಿ ಹಚ್ಚುವಂತಿರಲಿಲ್ಲ, ಆದ್ದರಿಂದ ಬ್ಯಾಟರಿ ದೀಪ. ರೂತ್ ಒಂದೇ ಷರತ್ತು ಹಾಕಿದ್ದಳು: ಬೇರೆಯವರ ವಸ್ತು ಎಲ್ಲ ಕಪಾಟಿನಲ್ಲಿರಬೇಕು. ಅದನ್ನು ನಾನು ಒಮ್ಮೆಯೂ ಮೀರಿರಲಿಲ್ಲ. ಆ ವರ್ಷ ಹೂದಾನಿಯನ್ನು ಅಲ್ಲಾಡಿಸುವಂತಿರಲಿಲ್ಲ. ಪೆಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಆಯಿತು ಅಂದುಕೊಂಡೆ. ಅದರ ಪಾದ ಮಾತ್ರ ಹಾಳೆಯಾಚೆ ನನ್ನ ಕಡೆ ಚಾಚಿತ್ತು.

ಬೆಳಗಿನ ಹತ್ತು ಗಂಟೆ. ರೂತ್ ಇನ್ನೊಂದು ಕೋಣೆಯಲ್ಲಿ ಫೋನಿನಲ್ಲಿದ್ದಳು. ನೀರಲ್ಲಿ ಕಲಸಿದ ಅರಿಶಿನ ಬೆರಳಿನಲ್ಲಿ. ಬ್ರಶ್ಶು, ಸ್ಕಾಲ್ಪೆಲ್ಲು, ಟಾರ್ಚು, ಪೆಟ್ಟಿಗೆಯ ಅಂಚು, ಕಳಶ. ಕಳಶ ಎಲ್ಲಿಂದ ಬಂತು? ನಾನು ಕಳಶ ಇಟ್ಟೇ ಇರಲಿಲ್ಲ. ನೋಡಿದರೆ ಹೂದಾನಿಯ ಪಾದದ ಮೇಲೆ ಮೂರು ಬೆರಳಿನ ಹಳದಿ ಗೆರೆ, ಮದುವೆಮನೆಯ ಕಳಶಕ್ಕೆ ಹಚ್ಚಿದಷ್ಟು ಚೊಕ್ಕಟವಾಗಿ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಣಗಲು ಬಿಟ್ಟು ಬ್ರಶ್ಶಿನಿಂದ ಉದುರಿಸಬಹುದಿತ್ತು. ನಾನು ಗಾಬರಿಯಲ್ಲಿ ಹತ್ತಿಯನ್ನು ನೀರಲ್ಲಿ ಅದ್ದಿ ಒರೆಸಿದೆ. ಹಳೆಯ ಗ್ಲೇಜಿನ ಮೇಲೆ ಕೂದಲೆಳೆಯಂಥ ಬಿರುಕಿನ ಬಲೆ ಇರುತ್ತದೆ. ಅರಿಶಿನದ ನೀರು ಆ ಬಲೆಯೊಳಗೆ ಇಳಿದು ಜಿಂಕೆಯ ಕಾಲಿನವರೆಗೆ ಹಳದಿ ದಾರ ಎಳೆದುಕೊಂಡು ಹೋಯಿತು. ಪಾದದ ಅಡಿಗೂ ಹರಿಯಿತು. ಅತ್ತ ಗ್ಲೇಜ್ ಇಲ್ಲ, ಬರೀ ಮಣ್ಣು, ನೀರು ಕುಡಿಯಲು ಕಾದು ಕೂತಂತಿತ್ತು.

ರೂತ್ ಕೋಣೆಯ ಬಾಗಿಲು ಮುಚ್ಚಿತ್ತು. ನಿಜ ಹೇಳುತ್ತೇನೆ, ಮೊದಲು ಬಂದ ಯೋಚನೆ ಮುಚ್ಚಿಡುವುದೇ. ಬ್ಲೀಚ್ ಹಚ್ಚಿ, ಮೇಲೆ ಒಂದಿಷ್ಟು ಬಣ್ಣ ಕೊಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ. ಹಾಗೆ ಮಾಡುವ ಕೈಚಳಕ ನನ್ನಲ್ಲಿತ್ತು. ಬೇಸರದ ಸಂಗತಿಯೆಂದರೆ ಅದನ್ನು ನನಗೆ ಕಲಿಸಿದವಳೂ ರೂತ್.

ಫೋನ್ ಮುಗಿಸಿ ಅವಳು ಬಂದಾಗ ನಾನು ಕುರ್ಚಿಯಲ್ಲಿ ಕೂತಿದ್ದೆ. ಹಚ್ಚಿದ್ದು, ಒರೆಸಿದ್ದು, ಎರಡನ್ನೂ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಅಂಟು ಒಣಗಿದೆಯಾ?"

"ಮುಕ್ಕಾಲು ಒಣಗಿದೆ. ಹುಷಾರಾಗಿ ಎತ್ತಬಹುದು."

"ಎತ್ತು. ಎರಡೂ ಕೈಯಲ್ಲಿ. ಅಡಿ ನೋಡೋಣ."

ಇಬ್ಬರೂ ಸೇರಿ ಎತ್ತಿ ಮೆತ್ತೆಯ ಮೇಲೆ ಬೋರಲು ಹಾಕಿದೆವು. ಪಾದದ ಅಡಿ ಹಳದಿಯಾಗಿತ್ತು. ನಟ್ಟನಡುವೆ ಮಾತ್ರ ಕೆಂಪು. ರಕ್ತಗೆಂಪು ಗೆರೆಗಳು, ಅಂಕುಡೊಂಕಾಗಿ.

ರೂತ್ ಬಗ್ಗಿದಳು. "ಇದೇನು? ಇನ್ನೊಂದು ಪುಡಿಯೂ ಹಚ್ಚಿದ್ದೀಯಾ, ಆ ಕೆಂಪು?"

ಕುಂಕುಮದ ಬಟ್ಟಲು ಇನ್ನೂ ಮುಚ್ಚಿಯೇ ಇತ್ತು. ಆ ಕೆಂಪು ನನಗೆ ಗೊತ್ತಿತ್ತು. ಕೆಮಿಸ್ಟ್ರಿ ಓದುವ ಮೊದಲಿಂದ ಗೊತ್ತಿತ್ತು. ಅರಿಶಿನದ ನೀರಿಗೆ ಒಂದು ಚಿಟಿಕೆ ಸುಣ್ಣ ಹಾಕಿದರೆ ಆರತಿಯ ಕೆಂಪು ನೀರಾಗುತ್ತದೆ. ಮದುಮಕ್ಕಳು ಬಾಗಿಲಿಗೆ ಬಂದಾಗ ನಮ್ಮಮ್ಮ ತಟ್ಟೆಯಲ್ಲಿ ಕಲಸುತ್ತಿದ್ದದ್ದು ಅದನ್ನೇ.

"ಅಲ್ಲಿ ಸುಣ್ಣ ಇದೆ, ರೂತ್. ಸುಣ್ಣ, ಇಲ್ಲಾ ಸಿಮೆಂಟು. ಮಣ್ಣಲ್ಲ. ಯಾರೋ ಮಣ್ಣಿನ ಗುಳಿಗಳಲ್ಲಿ ತುಂಬಿದ್ದಾರೆ."

ಅವಳು ಭೂತಗನ್ನಡಿ ಹಿಡಿದು ಕೆಂಪು ಗೆರೆಗಳನ್ನು ಬೆರಳಿನಿಂದ ಗಾಳಿಯಲ್ಲಿ ಬರೆದಳು. ಅಕ್ಷರ. ನಾಲ್ಕನೆಯದಕ್ಕೆ ಬಂದಾಗ ಅವಳ ಬೆರಳು ನಿಂತಿತು. ಹಸಿ ಮಣ್ಣಿಗೆ ಒತ್ತಿದ ಮುದ್ರೆ ಅದು, ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನ ಒಂದು ಕುಂಬಾರಿಕೆ ಕಾರ್ಖಾನೆಯದು. ಒತ್ತಿದ ಗುಳಿಗಳಲ್ಲಿ ಯಾರೋ ಬಿಳಿ ಸಿಮೆಂಟು ತುಂಬಿದ್ದರಿಂದ ಇಷ್ಟು ದಿನ ಕಂಡಿರಲಿಲ್ಲ. ನನ್ನ ಅರಿಶಿನ ಅದನ್ನು ಓದಿ ಹೇಳಿತ್ತು.

ಆರುನೂರು ವರ್ಷ ಅಲ್ಲ, ನೂರೈವತ್ತರ ಆಸುಪಾಸು. ಸುಲ್ತಾನರ ಕಾಲದ್ದಲ್ಲ, ಸುಲ್ತಾನರ ಹೂದಾನಿ ನೋಡಿ ಮೆಚ್ಚಿದ ಪ್ಯಾರಿಸ್ಸಿನವರು ಮಾಡಿದ್ದು.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಿ. ಆ ಕಾಲದ ಯೂರೋಪಿನವರು ಸ್ಪೇನಿನ ಅರಮನೆ, ಕೈರೋದ ಮಸೀದಿ ನೋಡಿ ಬಂದು, ಅಲ್ಲಿನ ಹೂದಾನಿ, ದೀಪ, ತಟ್ಟೆಗಳಿಗೆ ಮರುಳಾದರು. ಆ ನೀಲಿ ಹೇಗೆ ಬಂತು, ಆ ಹೊಳಪು ಹೇಗೆ ಬಂತು ಅಂತ ವರ್ಷಗಟ್ಟಲೆ ಒಲೆಯ ಮುಂದೆ ಕೂತು, ಕೆಟ್ಟ ಮಡಕೆ ರಾಶಿ ಹಾಕಿ ಕಲಿತರು. ಪಕ್ಕದ ಮನೆಯ ರಂಗೋಲಿ ಚೆನ್ನಾಗಿದೆ ಅಂತ ನಮ್ಮ ಬಾಗಿಲಿಗೂ ಹಾಕಿ, ಎರಡು ಎಳೆ ನಮ್ಮದೂ ಸೇರಿಸುತ್ತೇವಲ್ಲ, ಹಾಗೆ. ಅದನ್ನು ನಕಲಿ ಅನ್ನಬೇಡಿ. ಮೋಸ ಮಾಡುವವನು ತನ್ನ ಹೆಸರು ಒತ್ತಿ ಹೋಗುವುದಿಲ್ಲ. ಆದರೆ ಈ ತಿಳಿವಳಿಕೆ ಆ ಬೆಳಿಗ್ಗೆ ನನಗೆ ಏನೂ ಸಮಾಧಾನ ಕೊಡಲಿಲ್ಲ. ಹ್ಯೂಸ್ಟನ್ನಿನ ಮ್ಯೂಸಿಯಮ್ಮಿಗೆ ಬೇಕಾಗಿದ್ದದ್ದು ಸುಲ್ತಾನರ ಕಾಲದ್ದು. ಇದು ಗೊತ್ತಾದರೆ ಅವರು ಬೇಡ ಅನ್ನುತ್ತಾರೆ. ನೀಲಾ ಡಾಕ್ಟರು ಕೊಟ್ಟ ಮಾತು ನಡುದಾರಿಯಲ್ಲಿ ನಿಲ್ಲುತ್ತದೆ.

ರೂತ್ ಎರಡು ಖಾಲಿ ಹಾಳೆ ನನ್ನ ಮುಂದೆ ಇಟ್ಟಳು. "ಒಂದರಲ್ಲಿ ನೀನು ಮಾಡಿದ್ದು, ಇನ್ನೊಂದರಲ್ಲಿ ಹೂದಾನಿ ಹೇಳಿದ್ದು. ಯಾವುದು ಮೊದಲು ಬರೀತೀಯಾ?"

ನಾನು ನನ್ನದನ್ನು ಮೊದಲು ಬರೆದೆ. ಅದನ್ನು ಬರೆದ ಮೇಲೆ ಎರಡನೆಯದನ್ನು ಬರೆಯುವ ಧೈರ್ಯ ತಾನಾಗಿ ಬಂತು.

"ಫೋನಲ್ಲಿ ಬೇಡ" ಅಂದಳು ರೂತ್. "ಹೋಗಿ ಹೇಳು. ನಿಮ್ಮ ಭಾಷೆಯಲ್ಲಿ ಹೇಳು."

ಮಾರನೆಯ ದಿನ ಹ್ಯೂಸ್ಟನ್ನಿಗೆ ಡ್ರೈವ್ ಮಾಡಿದೆ. ನಾಲ್ಕು ಗಂಟೆಯ ದಾರಿ, ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಮನೆ ಮುಂದೆ ಇಳಿದಾಗ ಒಂದೂ ನೆನಪಿರಲಿಲ್ಲ. ಊರಿಗೆ ಅಂಟಿಕೊಂಡ ಸ್ಟಾಫರ್ಡಿನ ಹತ್ತಿರ ಅವರ ಮನೆ. ನೀಲಾ ಡಾಕ್ಟರು ಬಾಗಿಲಲ್ಲೇ "ಮೊದಲ ಊಟ, ಆಮ್ಯಾಲೆ ಮಾತು" ಅಂದರು. ರೊಟ್ಟಿ, ಬದನೆಕಾಯಿ ಪಲ್ಯ. ಒಂದು ರೊಟ್ಟಿ ಹೇಗೋ ಮುಗಿಸಿದೆ. ತಟ್ಟೆಯ ಮುಂದೆಯೇ ಎಲ್ಲ ಹೇಳಿದೆ, ಪೂಜೆಯಿಂದ ಮುದ್ರೆಯವರೆಗೆ. ಫೋನಿನಲ್ಲಿದ್ದ ಕೆಂಪು ಅಕ್ಷರದ ಫೋಟೋ ತೋರಿಸಿದೆ.

ಅವರು ಕನ್ನಡಕ ಹಾಕಿಕೊಂಡು ಫೋಟೋ ದೊಡ್ಡದು ಮಾಡಿ ನೋಡಿದರು.

"ನೀವು ಅರಿಶಿನ ಹಚ್ಚದಿದ್ರ ಇದು ಯಾರಿಗೂ ಗೊತ್ತಾಗ್ತಿದ್ದಿಲ್ಲ. ಹೌದಲ್ರಿ?"

"ಬಹುಶಃ ಇಲ್ಲ."

"ಗೊತ್ತಾದ ಮ್ಯಾಲೂ ನೀವು ಸುಮ್ಮ ಇರಬಹುದಿತ್ತು."

"ಇರಬಹುದಿತ್ತು. ಆದ್ರೆ ಬರೆದುಬಿಟ್ಟಿದ್ದೀನಿ, ಡಾಕ್ಟ್ರೇ."

ಅವರು ಎದ್ದು ಹೋಗಿ ನೀರಿನ ಜಗ್ಗು ತಂದರು, ತುಂಬಿದ್ದ ನನ್ನ ಲೋಟಕ್ಕೇ ಇನ್ನಷ್ಟು ಬಗ್ಗಿಸಿ ಮೇಜಿನ ಮೇಲೆ ಚೆಲ್ಲಿದರು. "ನಲವತ್ತು ವರ್ಷ ಚಾರ್ಟ್ ಬರದೀನಿ. ಒಮ್ಮೆ ನನ್ನ ತಪ್ಪನೂ ಬರದೀನಿ. ಪೇಶಂಟ್ ಉಳದ, ಆದ್ರ ಬರಿಯುಮುಂದ ಕೈ ಹೆಂಗ ನಡುಗತದ ಅಂತ ನನಗ ಗೊತ್ತದ." ಆಮೇಲೆ ಧ್ವನಿ ಒಡೆಯಿತು. "ನನಗ ಅದಲ್ಲ ಸಂಕಟ. ಆ ಸಿಮೆಂಟ್ ತುಂಬಿದಾಕಿ ಡೊರತಿನ. ಬಾತ್‌ರೂಮ್ ಟೈಲ್ಸಿನ ಸಂದಿಗೆ ಹಾಕೋ ಬಿಳಿ ಸಿಮೆಂಟ್. ಹೂದಾನಿ ಡಗಡಗ ಅಲ್ಲಾಡ್ತದ ಅಂತ ಬುಡಕ್ಕ ತಾನ ಕೂತು ಮೆತ್ತಿದ್ಲು, ನಾ ಅಲ್ಲೇ ಚಾ ಕುಡಕೋತ ಕೂತಿದ್ದೆ. ಅಂದ್ರ ಆಕಿ ಆ ಹೆಸರು ನೋಡಿದ್ಲೇನು? ನೋಡಿ ಮುಚ್ಚಿ, ನನ್ನ ಮುಂದ ಸುಳ್ಳು ಹೇಳಿ ಸತ್ಲೇನು?"

ಮ್ಯೂಸಿಯಮ್ಮು ತಪ್ಪಿಹೋದದ್ದಕ್ಕಿಂತ ಅವರಿಗೆ ಇದು ದೊಡ್ಡದಾಗಿತ್ತು. ಗೊತ್ತಿಲ್ಲದ್ದನ್ನು ಸಮಾಧಾನಕ್ಕೆಂದು ಹೇಳಬಾರದು ಅನ್ನುವಷ್ಟು ಬುದ್ಧಿ ಅಷ್ಟೊತ್ತಿಗೆ ಬಂದಿತ್ತು. ಸುಮ್ಮನೆ ಕೇಳಿದೆ, "ಯಾವಾಗ ಮೆತ್ತಿದ್ದು?"

"ಆಗೇನು, ನಾಕೈದು ವರ್ಷ ಆತು. ಆ ಚಳಿಗಾಲದಾಗ..." ಅಂದವರು ಅಲ್ಲಿಗೇ ನಿಂತರು. ಕಣ್ಣು ಒರೆಸಿಕೊಳ್ಳುತ್ತಿದ್ದ ಕೈ ಹಾಗೇ ಮೇಲುಳಿಯಿತು. "ಏನ್ರಿ, ಆಗ ಆಕೀ ಎರಡೂ ಕಣ್ಣಿಗೆ ಪೊರಿ ಬಂದಿತ್ತು. ಎದುರಿಗೆ ನಿಂತ್ರ ನೀಲಾನೋ ಪೋಸ್ಟ್‌ಮನ್ನೋ ಅಂತಿದ್ಲು. ಮರುತಿಂಗಳ ಆಪರೇಶನ್‌ಗೆ ನಾನ ಕರಕೊಂಡು ಹೋಗೀನಿ. ಬೆರಳಿಗೆ ತಗ್ಗು ತಾಗ್ಯಾವ, ತುಂಬ್ಯಾಳ. ಆಕೀಗೆಲ್ಲಿ ಕಾಣಬೇಕು ಹೆಸರು!"

ಅವರು ನಗತೊಡಗಿದರು. ಅಳುತ್ತಲೇ ನಕ್ಕರು. "ಹುಚ್ಚಿ. ನನಗ ಹೇಳಿದ್ರ ನಾನ ನೋಡ್ತಿದ್ದೆ" ಅಂದರು. ನನಗೂ ತಡೆಯಲಾಗಲಿಲ್ಲ. ಅವತ್ತಿನಿಂದ ಅವರು ನನಗೆ ಡಾಕ್ಟರಲ್ಲ, ನೀಲಕ್ಕ. ಎರಡನೇ ರೊಟ್ಟಿ ತಿಂದೆ.

ಮ್ಯೂಸಿಯಮ್ಮಿನವರು ನಿರೀಕ್ಷಿಸಿದ್ದಂತೆಯೇ ಮರ್ಯಾದೆಯಿಂದ ಬೇಡವೆಂದು ಬರೆದರು. ನೀಲಕ್ಕ ಪತ್ರ ಓದಿ ಹೇಳಿದ್ದು ಒಂದೇ ಮಾತು: "ಮಾತು ಕೊಟ್ಟದ್ದು ಹಳೇದಿದ್ರ ಅಂತ ಅಲ್ಲಲ್ರಿ. ನಾಲ್ಕು ಜನ ನೋಡೋ ಕಡೆ ಅಂತ. ಹುಡುಕೂಣು."

ಹುಡುಕುವ ಮೊದಲು ಕಲೆ ತೆಗೆಯಬೇಕಿತ್ತು. ರೂತ್ ಪುಸ್ತಕಗಳನ್ನು ಹರಡಿಕೊಂಡು ಯಾವ ದ್ರಾವಣ, ಎಷ್ಟು ಹೊತ್ತು ಅಂತ ನೋಡುತ್ತಿದ್ದಳು. ನಾನು ಹೇಳಿದೆ, ಬಿಸಿಲಿಗೆ ಇಡೋಣ. ಸೀರೆಗೆ ಅರಿಶಿನ ಬಿದ್ದರೆ ನಮ್ಮಮ್ಮ ಸೋಪು ಮುಟ್ಟುತ್ತಲೇ ಇರಲಿಲ್ಲ, ತಂತಿಯ ಮೇಲೆ ಬಿಸಿಲಿಗೆ ಹಾಕುತ್ತಿದ್ದಳು. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ.

"ಇದು ಯಾವ ಪುಸ್ತಕದಲ್ಲಿದೆ?"

"ನಮ್ಮಮ್ಮನ ಹಿತ್ತಿಲಲ್ಲಿದೆ."

ಅವಳು ನಗಲಿಲ್ಲ. ಬೇರೆ ಒಡೆದ ಮಡಕೆಯ ಎರಡು ಚೂರಿಗೆ ಅರಿಶಿನ ಹಚ್ಚಿಸಿ, ಒಂದನ್ನು ಡ್ರಾಯರಿನಲ್ಲಿ, ಒಂದನ್ನು ಕಿಟಕಿಯಲ್ಲಿ ಇಡಿಸಿದಳು. ಎರಡು ವಾರ ಬಿಟ್ಟು ಪಕ್ಕಪಕ್ಕ ಇಟ್ಟು ನೋಡಿದಳು. "ಸರಿ. ಹಿಡಿ ಬಿಚ್ಚು" ಅಂದಳು. ಬಿಸಿಲಿಗೆ ಅಂಟು ಮೆತ್ತಗಾಗುತ್ತದಲ್ಲ. ಮೂರು ವಾರ ಕೂತು ಕೂಡಿಸಿದ್ದನ್ನು ಒಂದು ಬೆಳಿಗ್ಗೆ ಬಿಚ್ಚಿದೆ. ಬಿಚ್ಚಲು ಬರುವ ಅಂಟು ಅಂದದ್ದು ಇದಕ್ಕೇ.

ಪಾರ್ಕಿಂಗ್ ಲಾಟಿನ ಕಡೆಯ ಕಿಟಕಿಯಲ್ಲಿ ಹೂದಾನಿ ಕೂತಿತು. ಚಳಿಗಾಲದ ಟೆಕ್ಸಸ್ ಬಿಸಿಲು, ಹಿತವಾದದ್ದು. ದಿನಕ್ಕೊಮ್ಮೆ ಸ್ವಲ್ಪ ತಿರುಗಿಸುತ್ತಿದ್ದೆ, ಆಗಾಗ ಅಡಿಗೂ ಬಿಸಿಲು ಬೀಳುವಂತೆ ಬೋರಲು ಹಾಕುತ್ತಿದ್ದೆ, ಹಪ್ಪಳ ಮಗುಚಿದ ಹಾಗೆ. ದಂತವೈದ್ಯರ ಕ್ಲಿನಿಕ್ಕಿಗೆ ಬಂದವರು ನಿಂತು ನೋಡಿಕೊಂಡು ಹೋಗುತ್ತಿದ್ದರು. ನಾಲ್ಕು ಜನ ನೋಡುವ ಕಡೆ ಅಂತ ಡೊರತಿ ಹೇಳಿದ್ದು ಇಷ್ಟಕ್ಕೇ ಮುಗಿದರೆ ಏನು ಮಾಡುವುದು ಅಂತ ನನಗೆ ಭಯ. ಜಿಂಕೆಯ ಕಾಲಿನ ಹಳದಿ ದಾರಗಳು ದಿನದಿನಕ್ಕೆ ತೆಳುವಾಗುತ್ತ, ಜನವರಿಯ ಹೊತ್ತಿಗೆ ಭೂತಗನ್ನಡಿಗೂ ಸಿಗಲಿಲ್ಲ. ರೂತ್ ಪಾದದಡಿಯ ಸಿಮೆಂಟನ್ನು ಸೂಜಿಯಷ್ಟು ಸಣ್ಣ ಮೊನೆಯಿಂದ ಬಿಡಿಸಿ ಅಕ್ಷರಗಳನ್ನು ಬಯಲಿಗೆ ತಂದಳು. ರಿಪೋರ್ಟಿನಲ್ಲಿ "ವಿಧಾನ" ಅನ್ನುವ ಕಡೆ ಅವಳೇ ಬರೆದಳು: ಬಿಸಿಲು, ವಿಮಲಾಳ ತಾಯಿ ಮಾಡುತ್ತಿದ್ದ ಪ್ರಕಾರ. ನನಗೆ ಸಿಕ್ಕ ಬಡ್ತಿ ಅಂದರೆ ಅದೇ.

ನಾನು ಹದಿನಾಲ್ಕು ಕಡೆ ಬರೆದೆ. ಹನ್ನೊಂದು ಕಡೆಯಿಂದ ಉತ್ತರವಿಲ್ಲ, ಎರಡು ಕಡೆಯಿಂದ ಬೇಡ. ಕೊನೆಗೆ ಆಸ್ಟಿನ್ನಿನ ಒಂದು ಕಾಲೇಜಿನಿಂದ ಒಬ್ಬ ಮೇಷ್ಟ್ರು ಫೋನ್ ಮಾಡಿದರು. ವಿದ್ಯಾರ್ಥಿಗಳಿಗೆ ಕುಂಬಾರಿಕೆಯ ಚರಿತ್ರೆ ಪಾಠ ಮಾಡುವವರು. ಅವರ ಗ್ಯಾಲರಿಯಲ್ಲಿ ಪೂರ್ವದ ಪಾತ್ರೆಗಳಿದ್ದವು, ಯೂರೋಪಿನವೂ ಇದ್ದವು, ಒಂದನ್ನು ನೋಡಿ ಇನ್ನೊಂದು ಹೇಗೆ ಕಲಿಯಿತು ಅಂತ ತೋರಿಸಲು ನಡುವೆ ಒಂದೂ ಇರಲಿಲ್ಲ. "ಅಡಿಯ ಮುದ್ರೆ ಚೆನ್ನಾಗಿ ಕಾಣುತ್ತದೆಯೇ?" ಅಂತ ಕೇಳಿದರು. ಯಾವುದರಿಂದ ಹ್ಯೂಸ್ಟನ್ನಿನ ಬಾಗಿಲು ಮುಚ್ಚಿತ್ತೋ ಅದೇ ಇವರಿಗೆ ಬೇಕಾಗಿತ್ತು.

ಹಿಡಿಯನ್ನು ಮತ್ತೆ ಕೂಡಿಸಿದೆ. ಎರಡನೇ ಸಲಕ್ಕೆ ಇನ್ನೂ ಚೆನ್ನಾಗಿ ಕೂತಿತು, ಆರು ಇಂಚಿನಿಂದ ಕಾಣುವ ಹಾಗೆ. ನೀಲಕ್ಕ, ರೂತ್, ನಾನು ಮೂವರೂ ಆಸ್ಟಿನ್ನಿಗೆ ಹೋದೆವು. ಹೂದಾನಿ ಮತ್ತೆ ಕೌದಿ ಹೊದ್ದು ಬೆಲ್ಟ್ ಹಾಕಿಕೊಂಡಿತು. ಮೇಷ್ಟ್ರು ಅದನ್ನು ಬೋರಲು ಹಾಕಿ ಮುದ್ರೆ ನೋಡಿ, ಒಂದು ಅಕ್ಷರದ ಮೂಲೆಯಲ್ಲಿ ಉಳಿದಿದ್ದ ಹಳದಿ ಚುಕ್ಕೆ ತೋರಿಸಿ ಇದೇನೆಂದು ಕೇಳಿದರು. ಆ ಮೂಲೆಯ ಒಳಗೆ ಬಿಸಿಲು ಇಳಿದಿರಲಿಲ್ಲ. ನಾನು ಮುಖ ತಗ್ಗಿಸಿ, ತೆಗೆದುಕೊಡುತ್ತೇನೆ ಅಂದೆ.

"ಬ್ಯಾಡ" ಅಂದರು ನೀಲಕ್ಕ ಕನ್ನಡದಲ್ಲೇ. ಆಮೇಲೆ ಮೇಷ್ಟ್ರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಇಡೀ ಕಥೆ ಹೇಳಿದರು, ಬೇಸರವಿಲ್ಲದೆ. ಚುಕ್ಕೆ ಹಾಗೇ ಉಳಿಯಿತು. ನನ್ನ ತಪ್ಪಿನ ಹಾಳೆಯೂ ಕಡತದಲ್ಲಿ ಉಳಿಯಿತು. ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಅದನ್ನು ಓದಿ ನನಗೆ ಮೇಲ್ ಮಾಡುತ್ತಾನೆ. ಈ ಕೆಲಸಕ್ಕೆ ಇಬ್ಬರು ಸೇರಿದ್ದಾರೆ, ಆ ಹಾಳೆ ಓದಿದ ಮೇಲೂ.

ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಾದ ಮೇಲೆ ಕೆಳಗಿನ ಪಟ್ಟಿ ಓದಿದೆವು. ಪ್ಯಾರಿಸ್, ಹತ್ತೊಂಬತ್ತನೇ ಶತಮಾನ, ಸ್ಪೇನಿನ ಹಳೆಯ ಇಸ್ಲಾಮಿ ಹೂದಾನಿಗಳ ಮೆಚ್ಚಿಕೆಯಲ್ಲಿ ಮಾಡಿದ್ದು. ಅದರ ಕೆಳಗೆ ಡೊರತಿಯ ಅಜ್ಜಿಯ ಹೆಸರು, ಅದರ ಪಕ್ಕ ಡೊರತಿಯದು. ಎರಡನೆಯದನ್ನು ನೀಲಕ್ಕ ನಮಗೆ ಹೇಳದೆ ಸೇರಿಸಿಬಿಟ್ಟಿದ್ದರು. ಹುಡುಗ ಹುಡುಗಿಯರ ಒಂದು ಗುಂಪು ಒಳಗೆ ಬಂದು ಗಾಜಿನ ಸುತ್ತ ನಿಂತಿತು. ನಾಲ್ಕಲ್ಲ, ಹದಿನೇಳು ಜನ, ನಾನು ಎಣಿಸಿದೆ. ನೀಲಕ್ಕ ಅವರ ಹಿಂದೆ ನಿಂತು, ಬೇಲಿಯಾಚೆ ಇರುವವಳಿಗೆ ಕೇಳಿಸುವಷ್ಟೇ ಸಣ್ಣ ದನಿಯಲ್ಲಿ ಕನ್ನಡದಲ್ಲಿ ಅಂದರು:

"ಆರುನೂರು ವರ್ಷದ್ದು ಅಂತಿದ್ದಿಯಲ್ಲ, ಡೊರತಿ. ಹಿಂದಿಂದಲ್ಲವ್ವಾ ಅದು, ಮುಂದಿಂದು. ಇನ್ನ ಆರುನೂರು ವರ್ಷ ಇಲ್ಲೇ ಇರ್ತದ ಬಿಡು."